ಮಾವ ಬಾಯಿ ತೆರೆದರೆ ನೆಟ್ ಹೋಗುತ್ತೆ

ಇದರಲ್ಲಿ ಒಂದಕ್ಷರವೂ ಸುಳ್ಳಿಲ್ಲ. ಲ್ಯಾಪ್‌ಟಾಪ್ ರಿಪೇರಿ ಅಂಗಡಿಯ ಬೆಂಚಿನ ಮೇಲೆ ಸರದಿಗೆ ಕಾಯುತ್ತಿದ್ದ ದರ್ಜಿ ತನ್ನ ಕತ್ತರಿಯ ಮೇಲೆ ಆಣೆಯಿಟ್ಟು ಹೇಳಿದ್ದು. ಅವನ ಮುಂದೆ, ಕೌಂಟರಿಗೆ ಆತುಕೊಂಡು ಗಂಡ ಹೆಂಡತಿ ನಿಂತಿದ್ದರು.

“ಲ್ಯಾಪ್‌ಟಾಪ್ ಗುಂಡುಕಲ್ಲಿನ ಹಾಗೆ ಗಟ್ಟಿಯಾಗಿದೆ ಅಕ್ಕಾ,” ಎಂದ ರಿಪೇರಿಯವನು. “ಪಕ್ಕದಲ್ಲಿ ಈ ಹಾರ್ಡ್ ಡಿಸ್ಕ್ ಚುಚ್ಚಿದ್ರೆ ಮಾತ್ರ ವೈಫೈ ಬಿದ್ದುಹೋಗುತ್ತೆ. ಡಿಸ್ಕಿನ ಗಲಾಟೆಯಲ್ಲಿ ಲ್ಯಾಪ್‌ಟಾಪಿಗೆ ಸಿಗ್ನಲ್ ಕೇಳ್ಸಲ್ಲ. ಉದ್ದ ವೈರ್ ಹಾಕಿ ಒಂದು ಮೊಳ ದೂರ ಇಡಿ, ಸರಿಹೋಗುತ್ತೆ.”

ಗಂಡನ ಮುಖ ಬಿಳಿಚಿಕೊಂಡಿತು. ದರ್ಜಿಯ ಕಿವಿ ನೆಟ್ಟಗಾಯಿತು.

“ಏನ್ರೀ, ನಮ್ಮಪ್ಪ ವಿಡಿಯೋ ಕಾಲಲ್ಲಿ ನಿಮಗೆ ಬುದ್ಧಿ ಹೇಳೋಕೆ ಶುರು ಮಾಡಿದಾಗ್ಲೇ ನೆಟ್ ಹೋಗೋದಲ್ವಾ?”

“ಆಗ ನಾನು ಈ ಡಿಸ್ಕ್ ಚುಚ್ಚಿ ಬ್ಯಾಕಪ್ ತಗೋತಿರ್ತೀನಿ ಕಣೇ.”

“ಪ್ರತಿ ಭಾನುವಾರ? ಅಪ್ಪ ಬಾಯಿ ತೆಗೆದ ಕೂಡಲೇ?”

“ಫೋಟೋ ಜಾಸ್ತಿ ಇವೆ.”

“ಎಂಟು ತಿಂಗಳಿಂದ?”

“ಎಲ್ಲಾ ನಿನ್ನ ಫೋಟೋಗಳೇ. ಒಂದೂ ಕಳೀಬಾರ್ದು ಅಂತ.”

ರಿಪೇರಿಯವನಿಗೆ ಇದ್ದಕ್ಕಿದ್ದಂತೆ ಕೆಮ್ಮು ಬಂತು.

“ಒಳ್ಳೇದಾಯ್ತು ಬಿಡಿ. ಬೆಳಿಗ್ಗೆ ಅಪ್ಪ ಫೋನ್ ಮಾಡಿದ್ರು. ಈ ನೆಟ್ ನಂಬ್ಕೊಂಡ್ರೆ ಆಗಲ್ಲ, ಅಳಿಯಂದಿರ ಜೊತೆ ಎದುರುಬದುರು ಕೂತೇ ಮಾತಾಡ್ತೀನಿ ಅಂತ ನಾಳೆ ಬರ್ತಿದ್ದಾರೆ.”

“ನಾಳೆನಾ? ಎಷ್ಟು ದಿನಕ್ಕೆ?”

“ಹೇಳ್ಬೇಕಾಗಿರೋದೆಲ್ಲ ಮುಗಿಯೋವರೆಗೆ.”

“ಅಯ್ಯೋ, ಈಗ್ಲೇ ಫೋನ್ ಮಾಡೇ! ನೆಟ್ ಸರಿಹೋಯ್ತು, ಉದ್ದ ವೈರ್ ತಗೊಂಡ್ವಿ ಅನ್ನು. ಬೇಕಾದ್ರೆ ದಿನಕ್ಕೆ ಎರಡು ಸಲ ಕಾಲ್ ಮಾಡ್ಲಿ, ನಾನು ಅಲುಗಾಡದೆ ಕೂತು ಪೂರ್ತಿ...”

ಹೆಂಡತಿ ಲ್ಯಾಪ್‌ಟಾಪನ್ನು ಚೀಲಕ್ಕೆ ಹಾಕಿಕೊಂಡು ಆಗಲೇ ಹೊಸಿಲು ದಾಟಿದ್ದಳು.