ಬೆನ್ನು ತಿರುಗಿಸಿ ನಿಲ್ಲು

ಹಂಗಲ್ಲ ಮಾರಾಯ್ತಿ, ಬೆನ್ನು ನನ್ನ ಬದಿಗೆ! ಮೋರೆ ಹೊಳೆ ಬದಿಗೆ. ಹಾಂ, ಆ ದೋಣಿ ಪಕ್ಕಕ್ಕೆ... ಅಯ್ಯೋ, ಮತ್ತೆ ತಿರುಗ್ದ್ಯಲ್ಲೇ ಕಲಾ! ಎಂತಕೆ ನಗ್ತಿ? ಕೋಡಿಬಾಗದವ್ರು ನೋಡಿದ್ರೆ, ಇಂವ ಹೆಂಡ್ತಿಗೆ ಹೊಳೆ ದಂಡೆ ಮೇಲೆ ಕವಾಯತು ಮಾಡಿಸ್ತಾ ಇದ್ದಾನೆ ಅಂದ್ಕಂತರು.

ನಗು, ನಗು. ನಿಂಗೇನು! ಸಿನೆಮಾದವ್ರಿಗೆ, ಜಾಹೀರಾತಿನವ್ರಿಗೆ ಜಾಗ ಹುಡುಕಿ ಫೋಟೋ ಕಳಿಸುದು ಅಂದ್ರೆ ಸುಲಭ ಅಂದ್ಕಂಡ್ಯಾ? ಮೊನ್ನೆ ಒಬ್ಬ ಹೇಳ್ತಾನೆ, 'ನಿತೇಶ, ನಂಗೆ ಸಮುದ್ರ ಬೇಕು, ಆದ್ರೆ ಅಲೆ ಬೇಡ.' ನಾ ಎಂತ ಮಾಡುದು? ಕಾರವಾರದ ಸಮುದ್ರಕ್ಕೆ ಸುಮ್ನಿರು ಅಂತ ಹೇಳಿ ಬರುದಾ? ಇನ್ನೊಬ್ಬಂಗೆ ಹಳೇ ಮನೆ ಬೇಕು, ಆದ್ರೆ ಒಳಗೆ ಎಸಿ ಇರ್ಬೇಕು! ಅಂಕೋಲೆ ಪೂರಾ ತಿರುಗಿ ಬೈಕಿನ ಟೈರ್ ಸವೀತು... ನೋಡು, ನಗ್ತಾ ನಗ್ತಾ ಮತ್ತೆ ತಿರುಗ್ದೆ!

ಎಂತ? ಜೋರಾಗಿ ಹೇಳು, ಗಾಳಿಗೆ ಕೇಳುದಿಲ್ಲ... ಅಗಸೂರು ಫೋಟೋವಾ? ನಿನ್ನ ಅಪ್ಪನ ಮನೆ ಅಂಗಳದ್ದಾ? ಹೇಳಿದ್ನಲ್ಲೇ, ಜಾಹೀರಾತಿನವ್ರು ನೋಡಿ ಜಾಗ ಅಡ್ಡಿಲ್ಲ ಅಂದ್ರು. ಅಷ್ಟೇ.

ನಿನ್ನ ಬಗ್ಗೆನಾ? ನಿನ್ನ ಬಗ್ಗೆ ಎಂತ ಹೇಳ್ತರು! ಫೋಟೋದಲ್ಲಿ ನಿನ್ನ ನಿಲ್ಲಿಸುದು ಎಂತಕೆ? ಬಾಗಿಲು ಎಷ್ಟೆತ್ತರ, ಮರ ಎಷ್ಟೆತ್ತರ ಅಂತ ಅವ್ರಿಗೆ ಅಂದಾಜು ಸಿಗ್ಲಿ ಅಂತ. ಅಳತೆ ಕೋಲಿನ ಹೆಸ್ರು ಯಾರಾದ್ರೂ ಕೇಳ್ತರಾ?... ಏ, ತಮಾಷೆಗೆ ಅಂದೆ! ಮೋರೆ ಊದಿಸ್ಬೇಡ. ನಂಗೆ ಗೊತ್ತಿಲ್ವಾ? ಶಾಲೆ ಗ್ಯಾದರಿಂಗ್ ನಾಟಕದಲ್ಲಿ ನೀ ಅತ್ತಿದ್ದಕ್ಕೆ ಅಗಸೂರಿಗೆ ಅಗಸೂರೇ ಅತ್ತಿತ್ತು. ಈಗ್ಲೂ ಕನ್ನಡಿ ಮುಂದೆ ನಿಂತು ಆ ನಾಟಕದ ಮಾತು ಹೇಳ್ತಿ, ನಾ ಕದ್ದು ಕೇಳಿದ್ದೆ. ಒಂದ್ಸಲ, ಒಂದೇ ಒಂದ್ಸಲ ಕ್ಯಾಮೆರಾ ಮುಂದೆ ಪಾರ್ಟು ಮಾಡ್ಬೇಕು ಅಂತ ನಿನ್ನ ಆಸೆ... ಗೊತ್ತು ಮಾರಾಯ್ತಿ, ಗೊತ್ತು.

ಸರಿ ಸರಿ, ಬಿಸಿಲು ಹೋಗ್ತದೆ, ತಿರುಗು. ಬೆನ್ನು... ಎಂತಕೆ ಅಂದ್ರೆ? ಇವತ್ತು ಬೆನ್ನೇ ಬೇಕು. ಹೌದು, ಇಷ್ಟು ದಿನ ಮೋರೆ ಕಾಣೂ ಹಂಗೇ ತೆಗೀತಿದ್ದೆ. ಈಗ ಹೊಸ ಪದ್ಧತಿ... ಯಾರ ಪದ್ಧತಿ ಅಂದ್ರೆ... ಬೆಳಕು! ಬೆಳಕು ನಿನ್ನ ಮೋರೆ ಮೇಲೆ ಸರಿ ಬೀಳುದಿಲ್ಲ. ಬೀಳ್ತಾ ಇದ್ಯಾ? ಚೊಲೋನೇ ಬೀಳ್ತಾ ಇದ್ಯಾ?... ಹೌದು. ಬೀಳ್ತಾ ಇದೆ.

ಹಂಗೆ ನೋಡ್ಬೇಡ್ವೇ. ಬೇಕಾದ್ರೆ ಬೈ... ಕಲಾ?

ಕೇಳಿದ್ರು. ಆಯ್ತಾ? ಜಾಹೀರಾತಿನ ದೀಪಾ ಮೇಡಂ ಕೇಳಿದ್ರು. ಅಂಗಳ ಇರ್ಲಿ, ಬಾಗಿಲಲ್ಲಿ ನಿಂತವ್ರು ಯಾರು, ನಮ್ಗೆ ಆ ಮುಖ ಬೇಕು, ಒಂದ್ಸಲ ಮಾತಾಡಿಸಿ ಅಂದ್ರು. ನಾ... ಅವ್ಳಿಗೆ ಅದೆಲ್ಲ ಇಷ್ಟ ಇಲ್ಲ ಅಂತ ಹೇಳ್ಬಿಟ್ಟೆ. ಇನ್ನೊಂದ್ಸಲ ನಿನ್ನ ಮೋರೆ ಕಂಡ್ರೆ ಮತ್ತೆ ಕೇಳ್ತರು ಅಂತ...

ಜನ ಎಂತ ಹೇಳ್ತರು ಅಂತಲ್ಲ. ಜನ ಹಾಳಾಗಿಹೋಗ್ಲಿ! ನಂಗೇ ಹೊಟ್ಟೆಕಿಚ್ಚು ಕಲಾ. ಇಷ್ಟು ವರ್ಷ ನಿನ್ನ ನಿಲ್ಲಿಸಿ ನಾ ನೋಡಿದ್ದು ಬಾಗಿಲು, ಮರ. ಅವ್ರು ಒಂದೇ ಸಲಕ್ಕೆ ನಿನ್ನ ನೋಡಿದ್ರು. ಹೆದ್ರಿಕೆ ಆಯ್ತು ನಂಗೆ.

ಎಂತ, ಕೈ ಚಾಚ್ತಿ? ಫೋನಾ?... ತಡಿ. ನಾನೇ ಮೇಡಂಗೆ ಫೋನ್ ಹಚ್ತೆ.

ಹಲೋ, ದೀಪಾ ಮೇಡಂ? ನಾನು ನಿತೇಶ, ಕಾರವಾರದಿಂದ. ಆ ಅಗಸೂರಿನ ಫೋಟೋದಲ್ಲಿ ಇದ್ದವರು... ಹೌದು, ಅವರಿಗೆ ಇಷ್ಟ ಇಲ್ಲ ಅಂದಿದ್ದೆ. ಅವರನ್ನ ನಾನು ಕೇಳಿಯೇ ಇರಲಿಲ್ಲ ಮೇಡಂ... ಇಲ್ಲೇ ಇದ್ದಾರೆ. ಕೊಡ್ತೇನೆ.