ಮುನ್ನೂರ ಹನ್ನೆರಡು ಹೊಟ್ಟಿನ ಉಂಡೆ ಕಾಣೆಯಾದ ಬಗ್ಗೆ

ಚಾಮುಂಡಮ್ಮ ಕೋಂ ಚಿಕ್ಕಮಾದು, 44 ವರ್ಷ, ಚಹಾ ಅಂಗಡಿ ಹಾಗೂ ಹೊಟ್ಟಿನ ಉಂಡೆ ತಯಾರಿಕೆ, ವಾಸ ಕಲ್ಲೂರು, ವಯನಾಡು ಜಿಲ್ಲೆ, ಆದ ನಾನು ಈ ಮೂಲಕ ತಿಳಿಸುವುದು, ಮತ್ತು ನಿನ್ನೆ ತಿಳಿಸಿದ್ದನ್ನು ಹಿಂದಕ್ಕೆ ಪಡೆಯುವುದು ಏನೆಂದರೆ:

ನಿನ್ನೆ ಬೆಳಿಗ್ಗೆ 7.15ಕ್ಕೆ ನಾನು ಕೊಟ್ಟ ಕಳವಿನ ದೂರಿನ ಮೇಲೆ ನಮ್ಮ ಊರಿನ ಸೌದೆ ವ್ಯಾಪಾರಿ ನಿಂಗಯ್ಯನವರನ್ನು, 52 ವರ್ಷ, ಈ ಠಾಣೆಗೆ ಕರೆಸಿ ಬೆಂಚಿನ ಮೇಲೆ ಕೂರಿಸಲಾಗಿದೆ. ಇವತ್ತು ಸಂಜೆಯೊಳಗೆ ದೂರು ಹಿಂದಕ್ಕೆ ಹೋಗದಿದ್ದರೆ ಕಾಗದ ಕೋರ್ಟಿಗೆ ಹೋಗುತ್ತದೆ ಎಂದು ಹೆಡ್ ಕಾನ್ಸ್‌ಟೇಬಲ್ ದಾಮೋದರನ್ ಅವರು ತಿಳಿಸಿದ್ದಾರೆ. ನಿಂಗಯ್ಯನವರು ಕಳ್ಳರಲ್ಲ. ಕಳ್ಳ ಯಾರೆಂದು ಕೆಳಗೆ ಹೇಳಿದ್ದೇನೆ.

ನಮ್ಮ ರಸ್ತೆಯಲ್ಲಿ ಚಹಾ ಅಂಗಡಿಗಳು ಒಂಬತ್ತು. ಒಂಬತ್ತಕ್ಕೂ ವಾರಕ್ಕೊಂದು ಗಾಡಿ ಸೌದೆ ಕಾಡಿನಿಂದ ಬರುತ್ತಿತ್ತು, ತರುತ್ತಿದ್ದವರು ನಿಂಗಯ್ಯನವರು. ಕಾಫಿ ಮಿಲ್ಲಿನ ಹಿಂದೆ ಹೊಟ್ಟು ಗುಡ್ಡದಂತೆ ಬಿದ್ದು ಕೊಳೆಯುವುದನ್ನು ನೋಡಿ, ಅದಕ್ಕೆ ಸಗಣಿ ಕಲಸಿ, ಉಂಡೆ ಕಟ್ಟಿ, ಒಣಗಿಸಿ ಸೌದೆಯ ಬದಲು ಉರಿಸುವುದನ್ನು ನಾನು ಕಳೆದ ವರ್ಷ ಶುರುಮಾಡಿದೆ. ಈಗ ಎರಡು ಅಂಗಡಿಗಳು ನನ್ನ ಉಂಡೆ ಉರಿಸುತ್ತವೆ. ಒಂದು ನನ್ನದೇ.

ಜಿಲ್ಲೆ ಹೊಸದು. ಹೊಸ ಜಿಲ್ಲೆಗೆ ಹೊಸ ಕಸುಬು ಬೇಕು, ಕಾಡು ಕಡಿಯದ ಕಸುಬಿಗೆ ಶೆಡ್ಡು ಕಟ್ಟಿಸಿಕೊಡುತ್ತೇವೆ ಎಂದು ಒಂದು ಸಮಿತಿ ಹೊರಟಿದೆ. ಅದರ ಇನ್ಸ್‌ಪೆಕ್ಟರ್ ಮಾಧವನ್ ಅವರು ದಿನಾಂಕ 6-5-1982ರಂದು ಬಂದು ನನ್ನ ಚಹಾ ಕುಡಿದು, ಉಂಡೆ ಚೆನ್ನಾಗಿ ಉರಿಯುತ್ತದೆ, ಆದರೆ ಗ್ಲಾಸಿನೊಳಗೆ ದನದ ಕೊಟ್ಟಿಗೆ ಇದೆ ಎಂದು ಅಭಿಪ್ರಾಯಪಟ್ಟರು. ವಾಸನೆ ತೆಗೆಯಿರಿ, 13ಕ್ಕೆ ಬರುತ್ತೇನೆ, ಮುನ್ನೂರು ಉಂಡೆಯ ರಾಶಿ ತೋರಿಸಿ ಎಂದರು.

ಸಗಣಿ ಬಿಟ್ಟರೆ ಅಂಟಿಗೆ ಏನು ಎಂದು ನಾನು ಎರಡು ದಿನ ಯೋಚಿಸಿದೆ. ನಮ್ಮಲ್ಲಿ ಕಾಡಂಚಿನ ಮನೆಯವರು ಹಲಸಿನ ಕಾಯಿಯನ್ನು ಮಾಗುವ ಮುಂಚೆಯೇ ಇಳಿಸಿಬಿಡುವುದು ರೂಢಿ. ಮಾಗಿದರೆ ಆನೆಗೆ ವಾಸನೆ ಹೋಗುತ್ತದೆ. ಈ ರೂಢಿ ತಪ್ಪಿದವರನ್ನು ಊರಿನಲ್ಲಿ ಎಲ್ಲರಿಗಿಂತ ಜೋರಾಗಿ ಬೈಯುವವಳು ನಾನು. ಯಾರನ್ನು ಕೇಳಿದರೂ ಹೇಳುತ್ತಾರೆ. ಆದಕಾರಣ ಊರಿನಲ್ಲಿ ಹಣ್ಣು ಸಿಗದೆ, 8ನೇ ತಾರೀಖು ಕೇಣಿಚಿರಕ್ಕೆ ಹೋಗಿ, ಕೈಗೆ ಅಂಟುವ ಮೆತ್ತನೆ ಜಾತಿಯ ಆರು ಹಲಸಿನ ಹಣ್ಣುಗಳನ್ನು ಗೋಣಿಯಲ್ಲಿ ಕಟ್ಟಿ ಬಸ್ಸಿನಲ್ಲಿ ತಂದೆನು.

ನನ್ನೊಂದಿಗೆ ಕೂಲಿಗೆ ಕೆಲಸ ಮಾಡುವ, ಅಕ್ಕನಿಗೆ ಚೇಚಿ, ಹಲಸಿಗೆ ಚಕ್ಕ ಎನ್ನುವ ಮಲಯಾಳದ ಜಾನು ಅದನ್ನು ನೋಡಿ, ಚೇಚಿ, ಇದು ಚಕ್ಕ ಅಲ್ವೇ, ಆನೆ ಬರಲ್ವಾ ಎಂದು ಕೇಳಿದಳು. ಹೊಟ್ಟಿಗೆ ಬಿದ್ದ ಮ್ಯಾಲೆ ಅದು ಹಣ್ಣಲ್ಲ ಕಣೆ, ಸೌದೆ, ಆನೆ ಎಲ್ಲಾದ್ರೂ ಸೌದೆ ತಿಂದದಾ ಎಂದು ನಾನು ಹೇಳಿದೆ. ಜಾನು ಒಪ್ಪಲಿಲ್ಲ. ಆದರೆ ಕಲಸಿದಳು.

12ರ ಸಂಜೆ 5.30ಕ್ಕೆ ನಿಂಗಯ್ಯನವರು ಎಂದಿನಂತೆ ಚಹಾಕ್ಕೆ ಬಂದು, ಅಂಗಳದಲ್ಲಿ ಚಾಪೆಯ ಮೇಲೆ ಒಣಗುತ್ತಿದ್ದ ಉಂಡೆಗಳ ಸುತ್ತ ಒಂದು ಸುತ್ತು ಬಂದು ಎಣಿಸಿದರು. ಮುನ್ನೂರಿಪ್ಪತ್ತು ಅವೆ ಕಣವ್ವ, ಇನ್ನು ನನ್ನ ಎತ್ತು ಮೇವು ಬುಟ್ಟು ಇದನ್ನೇ ನೆಕ್ಕಬೇಕು ಎಂದರು. ನಾನು ನಕ್ಕೆ. ನಕ್ಕದ್ದನ್ನು ನಿನ್ನೆಯ ದೂರಿನಲ್ಲಿ ಬರೆಸಿರಲಿಲ್ಲ.

13ರ ಬೆಳಿಗ್ಗೆ 5.50ಕ್ಕೆ ಎದ್ದು ನೋಡಲಾಗಿ ಉಂಡೆಗಳು ಇರಲಿಲ್ಲ. ಬಕೆಟ್ ಕವುಚಿ ಮುಚ್ಚಿಟ್ಟಿದ್ದ ಎಂಟು ಮಾತ್ರ ಉಳಿದಿದ್ದವು. ಅಂಗಳದ ಗಟ್ಟಿ ಮಣ್ಣಿನಲ್ಲಿ ಹನ್ನೊಂದು ದುಂಡನೆಯ ಗುರುತುಗಳಿದ್ದವು. ನಾನು ಹುಟ್ಟಿದಾಗಿನಿಂದ ಆನೆಯ ಹೆಜ್ಜೆ ನೋಡಿಕೊಂಡೇ ಬೆಳೆದವಳು. ಆದರೂ ಅವತ್ತು ನನಗೆ ಕಂಡದ್ದು ಬಿದಿರ ಕುಕ್ಕೆ ಇಟ್ಟ ಗುರುತು. ಕುಕ್ಕೆ, ಗಾಡಿ, ಹೊಟ್ಟೆಕಿಚ್ಚು ಮೂರೂ ಒಟ್ಟಿಗೆ ಇರುವುದು ನಿಂಗಯ್ಯನವರ ಬಳಿ ಎಂದು ನಾನು ತೀರ್ಮಾನಿಸಿದೆ.

ಅವರ ಮನೆ ನನ್ನ ಅಂಗಡಿಯಿಂದ ಅರವತ್ತೆರಡು ಹೆಜ್ಜೆ. 6.05ಕ್ಕೆ ಅವರ ಬಾಗಿಲಲ್ಲಿ ನಿಂತು ಮೂರು ಸಲ ಕಳ್ಳ ಎಂದು ಕೂಗಿದೆ. ರಾಗಿ ಬೀಸುತ್ತಿದ್ದ ಅವರ ಹೆಂಡತಿ ಶಿವಮ್ಮ ಕೈ ನಿಲ್ಲಿಸಿದರು. ಯಾಕವ್ವ ಚಾಮವ್ವ, ವಸಿ ಕೂತ್ಕೊ, ನೀರು ಕುಡಿ ಎಂದು ನಿಂಗಯ್ಯನವರು ಹೇಳಿದರು. ನಾನು ಕೂರಲಿಲ್ಲ.

ಅದೇ ದಿನ 11.10ಕ್ಕೆ ಮಾಧವನ್ ಅವರು ಜೀಪಿನಲ್ಲಿ ಬಂದರು. ಉಳಿದ ಎಂಟನ್ನೂ ಉರಿಸಲಾಗಿ, 14 ನಿಮಿಷದಲ್ಲಿ ನೀರು ಕುದಿಯಿತು. ಹೊಗೆ ಕಡಿಮೆ. ಪರಿಮಳ ಹಲಸಿನ ಕಡುಬಿನಂತೆ ಇದೆ ಎಂದು ಅವರು ಕಣ್ಣು ಮುಚ್ಚಿ ಹೇಳಿದರು. ಆದರೆ ರಾಶಿ ಇಲ್ಲದೆ ಶೆಡ್ಡು ಇಲ್ಲ, ನಾಳೆ ಹತ್ತು ಗಂಟೆಗೆ ಅರವತ್ತಾದರೂ ತೋರಿಸಿ ಎಂದರು. ಉಳಿದಿದ್ದ ಒಂದು ಹಣ್ಣಿನಲ್ಲಿ ನಾನೂ ಜಾನುವೂ ಸಂಜೆ 4ರೊಳಗೆ ಅರವತ್ತು ಕಟ್ಟಿ ಒಲೆಯ ಸುತ್ತ ಒಣಗಿಸಿದೆವು.

ನಿಂಗಯ್ಯನವರನ್ನು ಸಂಜೆ ಮನೆಗೆ ಕಳಿಸಿ, ಮರುದಿನ 9ಕ್ಕೆ ಬರುವಂತೆ ಠಾಣೆಯವರು ಹೇಳಿದ್ದರು. ಅಂದೇ ಸಂಜೆ 6.40ಕ್ಕೆ ಅವರು ನನ್ನ ಅಂಗಡಿಯ ಮುಂದೆ ಹಾದುಹೋದರು. ಚಹಾ ಕುಡಿಯಲಿಲ್ಲ. ಹದಿನಾರು ವರ್ಷದಲ್ಲಿ ಇದು ಮೊದಲು.

ಇಂದು, ದಿನಾಂಕ 14ರಂದು, 9.50ಕ್ಕೆ ಮಾಧವನ್ ಅವರು ಬಂದು ಅಂಗಳದಲ್ಲಿ ಹರಡಿದ್ದ ಉಂಡೆಗಳನ್ನು ಎಣಿಸತೊಡಗಿದರು. ನಲವತ್ತೊಂದರವರೆಗೆ ಎಣಿಸಿದಾಗ ರಸ್ತೆಯ ಆಚೆಯ ಕಾಡಿನಿಂದ ಒಂದು ಒಂಟಿ ಸಲಗ ಇಳಿದು ಬಂತು. ಮಾಧವನ್, ಜಾನು, ನಾನು ಮೂವರೂ ಚಹಾ ಕಾಯಿಸುವ ಕಟ್ಟೆಯ ಹಿಂದೆ ಕುಳಿತೆವು. ಆನೆಗೂ ನಮಗೂ ಏಳು ಮಾರು ದೂರ. ಆನೆ ಅರವತ್ತನ್ನೂ 12 ನಿಮಿಷದಲ್ಲಿ ತಿಂದಿತು. ಅವಸರ ಮಾಡಲಿಲ್ಲ. ಕೊನೆಯದನ್ನು ಕಾಲಿಗೆ ಬಡಿದು, ಮಣ್ಣು ಕೊಡವಿ ತಿಂದು, ಬಕೆಟ್ ಮಗುಚಿ ಒಳಗೂ ನೋಡಿ, ಬಂದ ದಾರಿಯಲ್ಲೇ ಹೋಯಿತು.

ಜಾನು ಒಂದು ಕುಕ್ಕೆ ತಂದು ಹೊಸ ಗುರುತಿನ ಪಕ್ಕದಲ್ಲಿದ್ದ ನಿನ್ನೆಯ ಗುರುತಿನ ಮೇಲೆ ಇಟ್ಟಳು. ಕುಕ್ಕೆಯ ಸುತ್ತಲೂ ನಾಲ್ಕು ಬೆರಳಗಲ ಗುರುತು ಹೊರಗೇ ಉಳಿಯಿತು. ಚೇಚಿ, ನಿಮ್ಮ ಕುಕ್ಕೆಗೆ ಕಾಲು ಬಂತಲ್ಲ ಎಂದಳು. ಆ ಹೊತ್ತಿಗೆ ಆರೋಪಿ ಎಂಬುವವರು ಈ ಠಾಣೆಯ ಬೆಂಚಿನ ಮೇಲೆ ದಾಮೋದರನ್ ಅವರ ಕಣ್ಣೆದುರಿನಲ್ಲೇ ಇದ್ದರು.

ಮಾಧವನ್ ಅವರು ಕಟ್ಟೆಯ ಹಿಂದೆಯೇ ಕುಳಿತು ಪುಸ್ತಕದಲ್ಲಿ ಬರೆದುಕೊಂಡದ್ದನ್ನು ನನಗೆ ಓದಿ ಹೇಳಿದರು: ಉರಿ ಉತ್ತಮ, ಹೊಗೆ ಅಲ್ಪ, ಪರಿಮಳ ಅತ್ಯುತ್ತಮ, ಅದೇ ದೋಷ. ಸಗಣಿಗೇ ವಾಪಸು ಹೋಗಿ, ಮೂರು ವಾರ ಒಣಗಿಸಿ, ವಾಸನೆ ತಾನೇ ಹೋಗುತ್ತದೆ ಎಂದರು. ಒಂಬತ್ತೂ ಅಂಗಡಿಗೆ ಉಂಡೆ ಮುಟ್ಟಿಸುವ ಗಾಡಿ ಗೊತ್ತುಮಾಡಿದರೆ ಶೆಡ್ಡು ನಿಮ್ಮದೇ ಎಂದೂ ಹೇಳಿದರು. ನಮ್ಮ ರಸ್ತೆಯಲ್ಲಿ ಗಾಡಿ ಇರುವುದು ಒಂದೇ.

ನಾನು 11.30ರ ಬಸ್ಸಿಗೆ ಠಾಣೆಗೆ ಬಂದೆ. ನಿನ್ನೆಯ ದೂರು ಮಲಯಾಳದಲ್ಲಿತ್ತು; ಓದಲು ಬಾರದೆ ಸಹಿ ಹಾಕಿದ್ದೆ. ಇದು ನಾನು ಓದುವಂತೆ ಕನ್ನಡದಲ್ಲೇ ಇರಬೇಕು ಎಂದು ಕೇಳಿದೆ. ಠಾಣೆಯಲ್ಲಿ ಈ ಹೊತ್ತಿಗೆ ಕನ್ನಡ ಬರೆಯಬಲ್ಲವರು ಒಬ್ಬರೇ, ಅವರು ಬೆಂಚಿನ ಮೇಲಿದ್ದರು. ದಾಮೋದರನ್ ಅವರು ಅವರ ಕೈಗೇ ಪೆನ್ನು ಕೊಟ್ಟರು. ಹೀಗಾಗಿ ಇದನ್ನು ನಾನು ಹೇಳಿದಂತೆ ಬರೆಯುತ್ತಿರುವವರು ನಿಂಗಯ್ಯನವರು. ಕಳ್ಳ ಎಂದು ಕೂಗಿದ ಕಡೆ ಅವರು ಪೆನ್ನು ನಿಲ್ಲಿಸಿ, ಮೂರು ಸಲ ಅಂತ ಬರೀಲಾ, ಒಂದ್ಸಲ ಅಂದ್ರೆ ಸಾಕಾ ಎಂದು ಕೇಳಿದರು. ಮೂರು ಅಂತ್ಲೇ ಬರಿ ನಿಂಗಣ್ಣ ಎಂದೆ. ಗಾಡಿಯ ಮಾತು ಬಂದ ಕಡೆ ಅವರು ಪೆನ್ನು ನಿಲ್ಲಿಸಲಿಲ್ಲ. ಬರೆದರು. ಏನಂತೀಯಣ್ಣ ಎಂದು ನಾನೇ ಕೇಳಿದ್ದಕ್ಕೆ, ಮೊದ್ಲು ಇದು ಮುಗೀಲಿ ಬುಡವ್ವ ಎಂದರು.

ಆದ್ದರಿಂದ ಅವರ ಹೆಸರನ್ನು ತೆಗೆಯಬೇಕು. ಆನೆಯ ಮೇಲೆ ನನ್ನ ದೂರು ಇಲ್ಲ; ಕರೆದವಳು ನಾನೇ.

ಇಷ್ಟೂ ನಾನು ಕಂಡದ್ದು ಮತ್ತು ನಾನೇ ಮಾಡಿದ್ದು. ಬರೆದ ಮೇಲೆ ಓದಿಕೊಂಡೆ, ಹೇಳಿದಂತೆಯೇ ಇದೆ.

ಸ್ಥಳ: ಠಾಣೆಯ ಬೆಂಚು
ದಿನಾಂಕ: 14-5-1982, ಮಧ್ಯಾಹ್ನ 1.20
ಸಹಿ: ಚಾಮುಂಡಮ್ಮ

ಬರೆದವರ ಸಹಿ: ನಿಂಗಯ್ಯ, 52 ವರ್ಷ
ಕಸುಬು: ಸೌದೆ ವ್ಯಾಪಾರ (ಹೊಡೆದುಹಾಕಿದೆ). ಉಂಡೆ ಗಾಡಿ, ಸೋಮವಾರದಿಂದ.