ಹಡಗಿನ ಎರಡು ಗಂಟೆ

ರೋಸೋ ಬಂದರಿನಿಂದ ಹೊರಟ ವ್ಯಾನಿನಲ್ಲಿ ಮನೆಗೆ ಹೊರಟಿದ್ದ ಡೊರಿಲಾಳ ಮುಂದಿನ ಸೀಟಿನಲ್ಲಿ, ಹಡಗಿನ ಪ್ರವಾಸಿಗರಿಗೆ ಜಡೆ ಹೆಣೆಯುವ ಹೆಂಗಸರಿಬ್ಬರು ಕುಸಿದು ಕುಳಿತಿದ್ದರು.

“ಮಗಳು ಸಿಕ್ಕಿದ್ಳಾ, ಅರ್ಲಿನ್? ಹಡಗಿನ ಕೆಲಸದಿಂದ ಇಳಿಯೋಕೆ ಬಿಟ್ರಾ?”

“ಎರಡು ಗಂಟೆಗೆ ಬರ್ತೀನಿ ಅಂದಿದ್ಳು. ಹಡಗಿನ ಗಡಿಯಾರ ನಮಗಿಂತ ಒಂದು ಗಂಟೆ ಮುಂದೆ, ಹಡಗಿನ ಎರಡು ಅಂದ್ರೆ ನಮಗೆ ಒಂದು ತಾನೆ? ಒಂದಕ್ಕೇ ಹೋಗಿ ಗೇಟಲ್ಲಿ ನಿಂತೆ.”

“ಆಮೇಲೆ?”

“ಅರ್ಧ ಹೆಣೆದ ತಲೆ ಬಿಟ್ಟು ಬಂದಿದ್ದೆ. ಎಷ್ಟೊತ್ತು ಕಾಯಲಿ? ವಾಪಸ್ ಹೋದೆ.”

“ಅಯ್ಯೋ, ಅವಳು ನಮ್ಮ ಎರಡಕ್ಕೆ ಬಂದ್ಳಾ?”

“ಅಮ್ಮಂಗೆ ಹಡಗಿನ ಟೈಮು ಗೊತ್ತಾಗಲ್ಲ ಅಂತ ನಮ್ಮ ಟೈಮೇ ಹೇಳಿದ್ಳಂತೆ. ಗೇಟಿನವನ ಕೈಲಿ ಈ ಸೋಪು ಕೊಟ್ಟು ಹೋಗಿದಾಳೆ.”

“ಹಡಗಿನವರ ಜೊತೆ ಏಗಿ ಏಗಿ ನೀನೂ ಹಡಗಿನವಳೇ ಆದೆ, ಬಿಡು. ಮತ್ತೆ ಯಾವಾಗ ಬರ್ತಾಳೆ?”

“ನವೆಂಬರಿಗೆ.”

ತಿರುವಿನಲ್ಲಿ ಇಳಿಯುವಾಗ ಗೆಳತಿ ಕೇಳಿದಳು: “ಈಗ ಗಂಟೆ ಎಷ್ಟೇ?”

ಅರ್ಲಿನ್ ಸೋಪನ್ನು ಮೂಸಿದಳು.

“ಯಾರ ಗಂಟೆ?”